ಅರಮನೆಯ ಅಡುಗೆಮನೆಯಿಂದ ಬೈಲಹೊಂಗಲದ ಸಮಾಧಿಯವರೆಗೆ

ಬೆಳಗಾವಿ–ಧಾರವಾಡ ಹೆದ್ದಾರಿಯಿಂದ ಕಿತ್ತೂರಿಗೆ ತಿರುಗುವವರನ್ನು ಮೊದಲು ಎದುರುಗೊಳ್ಳುವವಳು ಕುದುರೆಯ ಮೇಲೆ ಕುಳಿತ ಚೆನ್ನಮ್ಮ. ಕೈಯಲ್ಲಿ ಕತ್ತಿ, ಕಣ್ಣಲ್ಲಿ ಕಿಡಿ. ಹುಬ್ಬಳ್ಳಿಯ ವೃತ್ತದಲ್ಲೂ ಅವಳ ರೂಪ ಇದೇ. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಅನಾವರಣಗೊಂಡ ಪ್ರತಿಮೆಯೂ ಇದೇ. 1961ರಲ್ಲಿ ಬಿ.ಆರ್. ಪಂತುಲು ಚಿತ್ರ ತೆಗೆದಾಗ ಬಿ. ಸರೋಜಾದೇವಿ ಮನೆಮನೆಯ ಚೆನ್ನಮ್ಮನಾದರು. ಆಮೇಲಿಂದ ನಮ್ಮ ಮಕ್ಕಳು ಶಾಲೆಯ ವೇಷಭೂಷಣ ಸ್ಪರ್ಧೆಗೆ ತಗಡಿನ ಕತ್ತಿ ಹಿಡಿದು ನಿಲ್ಲುವುದೂ ಹಾಗೆಯೇ.

ಆ ರೂಪದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚೆನ್ನಮ್ಮ ಬದುಕಿದ್ದು 50 ವರ್ಷ. ಯುದ್ಧ ನಡೆದದ್ದು ಕೆಲವೇ ದಿನ. ಉಳಿದ ವರ್ಷಗಳಲ್ಲಿ ಅವಳು ಸೊಸೆಯಾಗಿ, ಕಿರಿಯ ಹೆಂಡತಿಯಾಗಿ, ಮಲತಾಯಿಯಾಗಿ, ವಿಧವೆಯಾಗಿ, ಅತ್ತೆಯಾಗಿ, ದತ್ತು ಮೊಮ್ಮಗನ ಅಜ್ಜಿಯಾಗಿ ಒಂದು ದೊಡ್ಡ ಮನೆಯನ್ನೂ ಅದರ ಜೊತೆಗೆ ಒಂದು ಸಂಸ್ಥಾನವನ್ನೂ ನಡೆಸಿದಳು. ಆ ವರ್ಷಗಳನ್ನು ಹುಡುಕುವವರು ಪ್ರತಿಮೆಯನ್ನು ದಾಟಿ ಕೋಟೆಯೊಳಗೆ ನಡೆಯಬೇಕು.

ಕೋಟೆ ಊರಿಗೆ ಅಂಟಿಕೊಂಡೇ ಇದೆ. 17ನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ರಾಜಧಾನಿಯನ್ನು ಸಂಪಗಾಂವದಿಂದ ಇಲ್ಲಿಗೆ ತಂದು ಕಟ್ಟಿಸಿದ್ದು ಇದನ್ನು. ಸುತ್ತಲ ಕಂದಕ, ಅಲ್ಲಲ್ಲಿ ಕುಸಿದ ಗೋಡೆ, ಬುರುಜುಗಳ ಬುಡ ಇವುಗಳನ್ನು ನೋಡುತ್ತ ಒಳಗೆ ಬಂದರೆ ಅರಮನೆಯ ಅವಶೇಷ. ಚಾವಣಿ ಇಲ್ಲ, ಮೇಲಂತಸ್ತು ಇಲ್ಲ. ಇಟ್ಟಿಗೆ ಗಾರೆಯ ಗೋಡೆಗಳು ಮಾತ್ರ ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿವೆ. ಪ್ರವಾಸಿಗರು ಇಲ್ಲಿ ಬೇಗ ಬೇಗ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ದರ್ಬಾರು ನಡೆಯುತ್ತಿದ್ದ ಜಾಗ ಯಾವುದು, ಫಿರಂಗಿ ಎಲ್ಲಿತ್ತು ಎಂದು ಕೇಳುವವರೇ ಹೆಚ್ಚು.

ನಾನು ನಿಂತದ್ದು ಒಳಮನೆಯಲ್ಲಿ. ಅಡುಗೆಮನೆ, ಊಟದ ಪಡಸಾಲೆ, ಉಗ್ರಾಣ, ಬಚ್ಚಲು ಎಲ್ಲದರ ಗುರುತು ಇಲ್ಲಿ ಇನ್ನೂ ಸಿಗುತ್ತದೆ. ಬಚ್ಚಲ ಮನೆಗಳಲ್ಲಿ ನೀರು ಬರಲು ಒಂದು ದಾರಿ, ಹೋಗಲು ಇನ್ನೊಂದು. ಗಾರೆಯ ತೊಟ್ಟಿಯ ಅಂಚು ಎಷ್ಟು ನುಣುಪಾಗಿದೆಯೆಂದರೆ ಕೈಯಾಡಿಸಿದರೆ ಇಂದಿಗೂ ತರಚುವುದಿಲ್ಲ. ಇನ್ನೊಂದು ಕಡೆ, ಗೋಡೆಯಲ್ಲಿ ಓರೆಯಾಗಿ ಕೊರೆದ ಕಿಂಡಿಯಿದೆ. ಇದಕ್ಕೆ ಕಣ್ಣಿಟ್ಟರೆ ರಾತ್ರಿ ಧ್ರುವ ನಕ್ಷತ್ರ ಕಾಣುತ್ತದೆ ಎಂದು ಇಲ್ಲಿ ಎಲ್ಲರೂ ತೋರಿಸುತ್ತಾರೆ. ಕಿಂಡಿಯ ಬಾಯಿ ಒಂದು ಕಣ್ಣಿಗಷ್ಟೇ ಸಾಕು. ಹಗಲಲ್ಲಿ ನೋಡಿದರೆ ಕಾಣುವುದು ಒಂದು ಚೂರು ನೀಲಿ. ಮನೆಯ ಮಕ್ಕಳನ್ನು ಎತ್ತಿ ಹಿಡಿದು ಈ ಕಿಂಡಿಯಿಂದ ಆ ನಕ್ಷತ್ರ ತೋರಿಸದ ತಾಯಂದಿರು ಇಲ್ಲಿ ಇದ್ದಿರಲಾರರು.

ಬೆಳಗಾವಿ ಬಳಿಯ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ಧೂಳಪ್ಪಗೌಡರ ಮಗಳು ಈ ಮನೆಗೆ ಕಾಲಿಟ್ಟಾಗ ಇಲ್ಲಿ ಆಗಲೇ ಒಬ್ಬ ಹಿರಿಯ ರಾಣಿ ಇದ್ದಳು. ರುದ್ರವ್ವ, ಸವದತ್ತಿ ಸೀಮೆಯ ತಲ್ಲೂರು ದೇಸಾಯರ ಮನೆಯ ಮಗಳು. ಸವದತ್ತಿ ಎಂದರೆ ಎಲ್ಲರಿಗೂ ನೆನಪಾಗುವುದು ಎಲ್ಲಮ್ಮನ ಗುಡ್ಡ. ಕಿತ್ತೂರಿನ ಕತೆಗೆ ತಲ್ಲೂರಿನ ಈ ಹೆಣ್ಣುಮಗಳೂ ಅಷ್ಟೇ ಮುಖ್ಯ. ಅವಳ ಮಗ ಶಿವಲಿಂಗರುದ್ರಸರ್ಜನೇ ಮುಂದೆ ಗಾದಿಗೆ ಬಂದವನು. ಚೆನ್ನಮ್ಮ ಹೆತ್ತ ಮಗ ಉಳಿಯಲಿಲ್ಲ. ಸವತಿಯ ಮಗನನ್ನು ಬದಿಗೆ ತಳ್ಳಿ ಬೇರೆ ಯಾರನ್ನಾದರೂ ಗಾದಿಗೆ ತರಲು ಅವಳು ಹೊರಟಿದ್ದರೆ ಆ ಕಾಲದ ಸಂಸ್ಥಾನಗಳಲ್ಲಿ ಅದು ಹೊಸದೇನೂ ಆಗುತ್ತಿರಲಿಲ್ಲ. ಅಣ್ಣತಮ್ಮಂದಿರ, ಸವತಿಯರ ಜಗಳದಲ್ಲಿ ಹಾಳಾದ ಮನೆತನಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕಿತ್ತೂರು ಹಾಗಾಗಲಿಲ್ಲ. ನನ್ನ ಮಟ್ಟಿಗೆ ಚೆನ್ನಮ್ಮನ ಮೊದಲ ಗೆಲುವು ಇದೇ. ಇದಕ್ಕೆ ಪ್ರತಿಮೆಯಿಲ್ಲ.

ಗಂಡ ಮಲ್ಲಸರ್ಜನದು ಸೆರೆಮನೆಗಳ ನಡುವಿನ ಆಳಿಕೆ. ಎಳೆಯ ವಯಸ್ಸಿನಲ್ಲೇ ಟಿಪ್ಪುವಿನ ಸೆರೆ ಕಂಡು ತಪ್ಪಿಸಿಕೊಂಡು ಬಂದವನು. ಕೊನೆಗಾಲದಲ್ಲಿ ಪೇಶ್ವೆ ಎರಡನೆಯ ಬಾಜೀರಾಯ ಅವನನ್ನು ಪುಣೆಯಲ್ಲಿ ಹಿಡಿದಿಟ್ಟ. ಮೈ ಪೂರ್ತಿ ಕೆಟ್ಟ ಮೇಲೆ ಬಿಡುಗಡೆಯಾಗಿ, 1816ರಲ್ಲಿ ತೀರಿಕೊಂಡ. ಅರಸನೇ ಊರಲ್ಲಿಲ್ಲದಾಗಲೂ ಮನೆ ನಡೆಯಿತು, ಕಂದಾಯ ಬಂತು, ಮಠಗಳಿಗೆ ದಾಸೋಹದ ಧಾನ್ಯ ಹೋಯಿತು ಎಂದರೆ ಒಳಗೆ ಕುಳಿತು ಲೆಕ್ಕ ನೋಡಿದವರು ಇದ್ದರು ಎಂದೇ ಅರ್ಥ. ಉಗ್ರಾಣದ ಕೀಲಿಕೈ ಯಾರ ಸೊಂಟದಲ್ಲಿತ್ತೋ ಅವರ ಕೈಯಲ್ಲಿ ಅರ್ಧ ಸಂಸ್ಥಾನ ಇತ್ತು. ಹೊಲಮನೆ ನೋಡಿಕೊಂಡು, ಎತ್ತುದನ ನೋಡಿಕೊಂಡು, ಗಂಡ ಸಂತೆಗೋ ಕೋರ್ಟಿಗೋ ಹೋದಾಗ ಆಳುಕಾಳುಗಳ ಕೂಲಿ ಕೊಡುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗಂಡ ಹೋದಾಗ ಚೆನ್ನಮ್ಮನಿಗೆ ಇನ್ನೂ 40 ತುಂಬಿರಲಿಲ್ಲ. ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. 1818ರಲ್ಲಿ ಕಂಪನಿ ಸರ್ಕಾರ ಪೇಶ್ವೆಯ ಮೇಲೆ ಬಿದ್ದು ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಕಂಪನಿಗೆ ನೆರವಾಯಿತು. ಕಂಪನಿಯ ಪರವಾಗಿ ಥಾಮಸ್ ಮನ್ರೊ ಸಂಸ್ಥಾನವನ್ನು ಮುಂದುವರಿಸಿದ. ಇದನ್ನು ಮರೆಯಬಾರದು. ಆರೇ ವರ್ಷದ ಹಿಂದೆ ಹೆಗಲಿಗೆ ಹೆಗಲು ಕೊಟ್ಟ ಮನೆಯ ಬಾಗಿಲನ್ನೇ ಕಂಪನಿ ಫಿರಂಗಿ ತಂದು ಒಡೆಯಿತು.

1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿ ಬಾಳಪ್ಪಗೌಡರ ಮಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತುಪತ್ರವನ್ನೇ ನಂಬಲಿಲ್ಲ. ಬೊಕ್ಕಸಕ್ಕೆ ಮುದ್ರೆ ಒತ್ತಿಸಿದ, ತನ್ನ ಮಾತಿನಂತೆ ನಡೆಯುವವರನ್ನು ಕಾರಭಾರಕ್ಕೆ ಕೂರಿಸಿದ. ಮನೆಯಲ್ಲಿ ಸೂತಕ, ಸೊಸೆ ವೀರವ್ವ ಎಳೆಯ ವಿಧವೆ, ಮಡಿಲಲ್ಲಿ ದತ್ತು ಮಗು, ಹೊಸ್ತಿಲಲ್ಲಿ ಪರದೇಶಿ ಅಧಿಕಾರಿಯ ಕಾವಲುಗಾರರು. ಚೆನ್ನಮ್ಮ ಕತ್ತಿಗೆ ಕೈಹಾಕುವ ಮೊದಲು ಲೇಖನಿ ಹಿಡಿದಳು. ಡೆಕ್ಕನ್ನಿನ ಕಮಿಷನರ್ ಚಾಪ್ಲಿನ್‌ಗೆ ಬರೆದಳು, ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದಳು. ಕೇಳಿದ್ದು ಒಂದೇ: ನಮ್ಮ ಮನೆಗೆ ಮಗ ಯಾರು ಎಂದು ನಿರ್ಧರಿಸುವ ಹಕ್ಕು ನಮ್ಮದು. ಡಾಲ್‌ಹೌಸಿ ದತ್ತು ಹಕ್ಕು ಕಿತ್ತುಕೊಳ್ಳುವ ನೀತಿಯನ್ನು ಸಾತಾರೆಗೆ ಅನ್ವಯಿಸಿದ್ದು 1848ರಲ್ಲಿ, ಝಾನ್ಸಿಗೆ 1854ರಲ್ಲಿ. ಕಿತ್ತೂರಿನ ಅತ್ತೆಸೊಸೆಯರು ಅದರ ಮೊದಲ ಪೆಟ್ಟನ್ನು ಎಷ್ಟೋ ವರ್ಷ ಮೊದಲೇ ತಿಂದಿದ್ದರು.

ಇದೇ ದತ್ತುವಿನ ಕಿಚ್ಚು ಇದೇ ಸೀಮೆಯಲ್ಲಿ ಮತ್ತೊಮ್ಮೆ ಹೊತ್ತಿತು. ನರಗುಂದದ ಬಾಬಾಸಾಹೇಬ ಭಾವೆಗೆ ದತ್ತು ಮಾಡಿಕೊಳ್ಳಲು ಕಂಪನಿ ಒಪ್ಪಲಿಲ್ಲ; ಅವನು ಬಂಡೆದ್ದ. 1858ರ ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅವನ ಕಡೆಯವರಿಂದ ಹತನಾದದ್ದು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ. ಆ ರಾಮದುರ್ಗ ಸಂಸ್ಥಾನವನ್ನು ಆಳುತ್ತಿದ್ದವರೂ ಭಾವೆ ಮನೆತನದವರೇ. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ಮನೆಯ ಹೆಂಗಸರು ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂದು ಈ ಭಾಗದ ಜನ ಇಂದಿಗೂ ನೊಂದು ಹೇಳುತ್ತಾರೆ. ಕಿತ್ತೂರಿನಿಂದ ರಾಮದುರ್ಗದವರೆಗಿನ ಈ ನೆಲದಲ್ಲಿ ಬಂಡಾಯ ಹುಟ್ಟಿದ್ದು ದಂಡಿನ ಪಾಳೆಯದಲ್ಲಿ ಅಲ್ಲ, ತೊಟ್ಟಿಲು ಇದ್ದ ಕೋಣೆಯಲ್ಲಿ.

ಅರಮನೆಯ ಹೊರಗೆ ಬಂದರೆ ಕೋಟೆಯ ಬಾಗಿಲಿನ ಕಡೆಯ ಬಯಲು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಇಲ್ಲಿ ಫಿರಂಗಿ ನಿಲ್ಲಿಸಿ, ಬಾಗಿಲು ತೆರೆಯಿರಿ ಎಂದು ಗಡುವು ಕೊಟ್ಟ. ಬಾಗಿಲು ತೆರೆಯಿತು; ಆದರೆ ಒಳಗಿನಿಂದ ನುಗ್ಗಿದ್ದು ಸರದಾರ ಗುರುಸಿದ್ದಪ್ಪನ ಪಡೆ. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಇವನು ಇಂಗ್ಲಿಷಿನ ಹೆಸರಾಂತ ಕಾದಂಬರಿಕಾರ ಥ್ಯಾಕರೆಗೆ ಚಿಕ್ಕಪ್ಪ. ಕದನದ ಈ ಭಾಗ ಲಾವಣಿಗಳಲ್ಲಿ, ಗೀಗೀ ಪದಗಳಲ್ಲಿ, ಪಠ್ಯಪುಸ್ತಕದಲ್ಲಿ ಬೇಕಾದಷ್ಟಿದೆ. ಪ್ರತಿ ವರ್ಷ ಅಕ್ಟೋಬರ್ 23ರಿಂದ ನಡೆಯುವ ಉತ್ಸವದಲ್ಲೂ ಇದೇ ಮೊಳಗುತ್ತದೆ. 2024ಕ್ಕೆ ಆ ಗೆಲುವಿಗೆ 200 ವರ್ಷ ತುಂಬಿತು.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಐದಾರು ವಾರ. ಗೆದ್ದ ದಿನ ಕೋಟೆಯಲ್ಲಿ ಸೆರೆಸಿಕ್ಕವರಲ್ಲಿ ಇಬ್ಬರು ಎಳೆಯ ಅಧಿಕಾರಿಗಳಿದ್ದರು: ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ 21 ವರ್ಷ. ಕಲೆಕ್ಟರನನ್ನೇ ಕೊಂದು ಗೆದ್ದ ಸೇನೆಯ ರೋಷ ಎಂಥದಿರುತ್ತದೆ ಎಂದು ಊಹಿಸಬಹುದು. ಆ ರೋಷದ ನಡುವೆ ಈ ಇಬ್ಬರ ಕೂದಲೂ ಕೊಂಕಲಿಲ್ಲ. ಡಿಸೆಂಬರ್ ಆರಂಭದಲ್ಲಿ ಇಬ್ಬರನ್ನೂ ಜೀವಸಹಿತ ಕಳಿಸಿಕೊಟ್ಟಳು ಚೆನ್ನಮ್ಮ. ಬಿಟ್ಟುಕೊಟ್ಟ ಮೇಲೂ ಕಂಪನಿ ದಾಳಿ ನಿಲ್ಲಿಸಲಿಲ್ಲ ಎಂಬುದು ಇತಿಹಾಸ.

ಆ ಎಲಿಯಟ್ ಮುಂದೆ ಏನಾದ ಎಂಬುದು ನಮ್ಮವರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಈ ಸೀಮೆಯಲ್ಲೇ ವರ್ಷಗಟ್ಟಲೆ ನೌಕರಿ ಮಾಡುತ್ತ ಹಳ್ಳಿ ಹಳ್ಳಿಗಳ ಶಿಲಾಶಾಸನಗಳನ್ನು ನಕಲು ಮಾಡಿಸಿದ. ಅವನು ಕೂಡಿಸಿದ ಸುಮಾರು 600 ಶಾಸನಗಳ ಪ್ರತಿಗಳು ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು. ಚಾಲುಕ್ಯರ ಚರಿತ್ರೆ ಬರೆದ ಫ್ಲೀಟ್ ಮೊದಲಾದವರು ಅವುಗಳ ಮೇಲೆ ಆಧಾರಪಟ್ಟರು. ಆಮೇಲೆ ಒಡೆದು, ಸವೆದು, ಗೋಡೆಗೆ ಸೇರಿ ಹಾಳಾದ ಎಷ್ಟೋ ಕಲ್ಲುಗಳ ಅಕ್ಷರಗಳು ಅವನ ಪ್ರತಿಗಳಲ್ಲಿ ಉಳಿದಿವೆ. ಕಿತ್ತೂರಿನ ಕೋಟೆಯಲ್ಲಿ ಅವನ ತಲೆ ಉರುಳಿದ್ದರೆ ಕನ್ನಡ ನಾಡಿನ ಚರಿತ್ರೆಯ ಎಷ್ಟೋ ಸಾಲುಗಳು ಹೋಗುತ್ತಿದ್ದವು. ಚೆನ್ನಮ್ಮನಿಗೆ ಇದು ತಿಳಿದಿರಲು ಸಾಧ್ಯವಿಲ್ಲ. ಮನೆಗೆ ಸಿಕ್ಕ ಜೀವವನ್ನು ಕಾಯಬೇಕು ಎಂಬಷ್ಟು ತಿಳಿದಿತ್ತು.

ಕೋಟೆಯ ಆವರಣದಲ್ಲೇ ಪ್ರಾಚ್ಯವಸ್ತು ಇಲಾಖೆಯ ವಸ್ತುಸಂಗ್ರಹಾಲಯವಿದೆ. ಖಡ್ಗ, ಕವಚಗಳ ಮುಂದೆ ಮಕ್ಕಳ ಗುಂಪು ಕರಗುವುದೇ ಇಲ್ಲ. ನೀವು ಹೋದರೆ ಮರದ ಬಾಗಿಲು, ಚೌಕಟ್ಟುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕೆತ್ತನೆಯ ಬಳ್ಳಿ, ಹೂವು, ಕಾಲ ತಿಂದು ಕಪ್ಪಾದ ಮರ. ಹೊರಗೆ ನೋಡಿ ಬಂದ ಬೋಳು ಗೋಡೆಗಳಿಗೆ ಇಂಥ ಬಾಗಿಲುಗಳನ್ನು ಮನಸ್ಸಿನಲ್ಲಿ ಕೂರಿಸಿಕೊಂಡರೆ ಅರಮನೆ ಮತ್ತೆ ಮನೆಯಾಗುತ್ತದೆ.

ಊರಿನ ಪಕ್ಕದ ಗಡಾದ ಮರಡಿಯನ್ನು ಹತ್ತಿದರೆ ಕೋಟೆ ಪೂರ್ತಿ ಕಾಣುತ್ತದೆ. ಡಿಸೆಂಬರಿನ ದಾಳಿಯಲ್ಲಿ ಈ ದಿಬ್ಬಕ್ಕಾಗಿಯೂ ಕಾದಾಟ ನಡೆಯಿತು. ಇಲ್ಲಿ ನಿಂತು ನೋಡಿದರೆ, ತೋಪುಗಳನ್ನು ಮೇಲಕ್ಕೆ ಏರಿಸಿದವರಿಗೆ ಕೋಟೆ ಅಂಗೈ ಮೇಲಿನ ವಸ್ತು ಎನ್ನುವುದು ಯಾರಿಗಾದರೂ ತಿಳಿಯುತ್ತದೆ. ಕಂಪನಿ ಮೈಸೂರು, ಷೋಲಾಪುರ ಮುಂತಾದ ಕಡೆಗಳಿಂದ ದಂಡು ತರಿಸಿತ್ತು. ಒಳಗಿನವರೇ ಮದ್ದಿನಲ್ಲಿ ಸೆಗಣಿ ಬೆರೆಸಿದರು ಎಂದು ಜನ ಹೇಳುವಾಗ ಧ್ವನಿಯಲ್ಲಿ ಇಂದಿಗೂ ಸಿಟ್ಟಿದೆ. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಬಿತ್ತು. ಷೋಲಾಪುರದ ಸಬ್ ಕಲೆಕ್ಟರ್, ಥಾಮಸ್ ಮನ್ರೊನ ಬಂಧು ಕಿರಿಯ ಮನ್ರೊ ಕೂಡ ಈ ದಾಳಿಯಲ್ಲಿ ಸತ್ತ. ಚೆನ್ನಮ್ಮ ಸೊಸೆಯಂದಿರ ಸಮೇತ ಸೆರೆಯಾದಳು.

ಹೆಚ್ಚಿನವರ ಪ್ರವಾಸ ಇಲ್ಲಿಗೇ ಮುಗಿಯುತ್ತದೆ. ಬಸ್ಸು ಹತ್ತಿ ಧಾರವಾಡಕ್ಕೋ ಬೆಳಗಾವಿಗೋ ಹೋಗುತ್ತಾರೆ. ಬೈಲಹೊಂಗಲದ ಕಡೆಗೆ ತಿರುಗುವವರು ಕಡಿಮೆ. ಕರೀಮಣ್ಣಿನ ಹೊಲಗಳ ನಡುವೆ ಸಾಗುವ ಈ ದಾರಿ ಹಂಗಾಮಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ: ಒಮ್ಮೆ ಸೋಯಾ, ಒಮ್ಮೆ ಹತ್ತಿ, ಚಳಿಗಾಲಕ್ಕೆ ಜೋಳ, ಕಡಲೆ. ಈ ತಾಲ್ಲೂಕಿನ ಹಳ್ಳಿಗಳ ಹೆಸರು ಓದಿದರೇ ಕಿತ್ತೂರಿನ ಪಡೆಯ ಹಾಜರಿ ಕೂಗಿದಂತೆ. ಅಮಟೂರು ಬಾಳಪ್ಪನದು. ಮಲಪ್ರಭೆಯ ದಂಡೆಯ ಸಂಗೊಳ್ಳಿ ರಾಯಣ್ಣನದು. ಬೆಳವಡಿ ಇನ್ನೂ ಹಿಂದಿನ ಕಾಲದ ಮಲ್ಲಮ್ಮನದು. ಗಂಡ ಬಿದ್ದ ಮೇಲೆ ಶಿವಾಜಿಯ ದಂಡನ್ನು ಎದುರಿಸಿ ನಿಂತವಳೆಂದು ಈ ನೆಲ ನೆನೆಯುವ ಹೆಣ್ಣುಮಗಳು. ಚೆನ್ನಮ್ಮ ಬೆಳೆಯುವಾಗ ಮಲ್ಲಮ್ಮನ ಕತೆ ಅವಳ ಕಿವಿಗೆ ಬೀಳದೆ ಇದ್ದೀತೆ?

ಬೈಲಹೊಂಗಲ ದೊಡ್ಡ ಪೇಟೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು. ಜಿನ್ನಿಂಗ್, ದಲ್ಲಾಳಿ ಅಂಗಡಿ, ಕಾಳಿನ ಚೀಲ ಹೊತ್ತ ಟ್ರ್ಯಾಕ್ಟರು, ಎಲ್ಲ ಇದೆ. ಸಮಾಧಿ ಎಲ್ಲಿ ಎಂದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಊರಿನ ನಡುವೆಯೇ ಒಂದು ಚಿಕ್ಕ ಉದ್ಯಾನ. ಅದರೊಳಗೆ ಚೆನ್ನಮ್ಮನ ಸಮಾಧಿ. ಕಿತ್ತೂರಿನ ಎದುರು ಇದು ತೀರ ಸರಳ. ಸುತ್ತ ಕೋಟೆಯಿಲ್ಲ, ಫಿರಂಗಿಯಿಲ್ಲ. ಹೂವು, ವಿಭೂತಿ, ಯಾರೋ ಬೆಳಿಗ್ಗೆ ಬಂದು ಕೈಮುಗಿದು ಹೋದ ಗುರುತು. ಗಿಡದ ನೆರಳಲ್ಲಿ ಇಳಿವಯಸ್ಸಿನವರು ಕುಳಿತಿರುತ್ತಾರೆ.

ನಾನು ಹೋದಾಗ ಇಳಕಲ್ ಸೀರೆಯ ಒಬ್ಬ ಅಜ್ಜಿ ಸಮಾಧಿಗೆ ಹಣೆ ಹಚ್ಚಿ ಎದ್ದು, ‘ಯಾವೂರ್ರೀ ನಿಮ್ದು?’ ಎಂದು ಕೇಳಿದರು. ಕಿತ್ತೂರು ನೋಡಿಕೊಂಡು ಬಂದೆ ಎಂದೆ. ‘ಕಿತ್ತೂರಿಗಿ ಎಲ್ಲಾ ಮಂದಿ ಹೋಗ್ತಾರ್ರೀ. ಅಲ್ಲಿ ಆಕಿ ಆಳಿದ್ಲು. ಇಲ್ಲಿ ಆಕಿ ಅದಾಳ’ ಎಂದರು. ಸೆರಗು ಸರಿಮಾಡಿಕೊಂಡು, ಮೊಮ್ಮಗಳ ಶಾಲೆ ಬಿಡುವ ಹೊತ್ತಾಯಿತೆಂದು ಹೊರಟೇ ಹೋದರು.

ಬೈಲಹೊಂಗಲದ ಕೋಟೆಯಲ್ಲಿ ಚೆನ್ನಮ್ಮ ನಾಲ್ಕು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದಳು. ಜೊತೆಗೆ ಸೊಸೆಯರಾದ ವೀರವ್ವ, ಜಾನಕೀಬಾಯಿ. ರಾಜ್ಯ ಹೋಗಿತ್ತು, ಬೊಕ್ಕಸ ಲೂಟಿಯಾಗಿ ಕಂಪನಿಯ ಸಿಪಾಯಿಗಳ ನಡುವೆ ಹಂಚಿಹೋಗಿತ್ತು. ಉಳಿದದ್ದು ಲಿಂಗಪೂಜೆ, ಪುರಾಣ ಶ್ರವಣ, ಮತ್ತು ಇಬ್ಬರು ಎಳೆಯ ಹೆಣ್ಣುಮಕ್ಕಳ ಹೊಣೆ. ಯುದ್ಧದ ಒಂದು ದಿನಕ್ಕಿಂತ ಈ ನಾಲ್ಕು ವರ್ಷ ಕಠಿಣವಾಗಿದ್ದವು ಎಂದು ನಾನು ಬಲವಾಗಿ ನಂಬುತ್ತೇನೆ. ಆ ದಿನ ಸುತ್ತ ಸಾವಿರಾರು ಜನರಿದ್ದರು. ಇಲ್ಲಿ ಬೆಳಿಗ್ಗೆ ಎದ್ದರೆ ಅದೇ ಗೋಡೆ, ಅದೇ ಕಾವಲು. ಅವಳು ಇದ್ದಾಳೆ ಎಂಬ ಒಂದೇ ಕಾರಣಕ್ಕೆ ಹೊರಗಿನ ಹಳ್ಳಿಗಳಲ್ಲಿ ಆಸೆ ಆರಲಿಲ್ಲ. ರಾಯಣ್ಣ ವೇಷ ಮರೆಸಿಕೊಂಡು ಬಂದು ಅವಳನ್ನು ಕಂಡು ಹೋಗುತ್ತಿದ್ದ ಎಂಬ ಕತೆ ಈ ಊರಿನಲ್ಲಿ ಅದಕ್ಕೇ ಸಾಯದೆ ಉಳಿದಿದೆ.

1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಸೆರೆಯಲ್ಲೇ ತೀರಿಕೊಂಡಳು. ಆಮೇಲೆ ರಾಯಣ್ಣ ಭೂಹೀನರಾದ ರೈತರನ್ನು, ಸೇವೆಗೆ ಪ್ರತಿಯಾಗಿ ಹೊಲ ಪಡೆದಿದ್ದ ಶೆತಸನದಿಗಳನ್ನು ಕೂಡಿಸಿ, ದತ್ತು ಮಗನ ಹೆಸರಿನಲ್ಲೇ ಕಂಪನಿಯ ಕಚೇರಿಗಳಿಗೆ ಬೆಂಕಿಯಿಟ್ಟ. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ವೀರವ್ವ ಅದಕ್ಕೂ ಮೊದಲೇ ಕಂಪನಿಯ ಕಾವಲಿನಲ್ಲಿ ಕಣ್ಣು ಮುಚ್ಚಿದ್ದಳು. ಅತ್ತೆಯ ಹೆಸರು ವಿಶ್ವವಿದ್ಯಾಲಯಕ್ಕಿದೆ, ರೈಲಿಗಿದೆ, ಒಂದು ಕಾಲದಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೂ ಇತ್ತು. ಸೊಸೆಯ ಹೆಸರು ಒಂದು ಬೀದಿಗೂ ಬಿದ್ದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ಸರಿಯಲ್ಲ. ತಲ್ಲೂರಿನ ರುದ್ರವ್ವ, ವೀರವ್ವ, ಜಾನಕೀಬಾಯಿ ಇವರನ್ನು ಬಿಟ್ಟು ಚೆನ್ನಮ್ಮನ ಕತೆ ಹೇಳಿದರೆ ಕತೆ ಅರ್ಧವೇ.

ಚೆನ್ನಮ್ಮನ ನೆನಪಿಗೆ ನಾವು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಕಿತ್ತೂರಿನ ಸೈನಿಕ ಶಾಲೆ. 1969ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ತೆರೆದ ವಸತಿಶಾಲೆ ಇದು. ಹುಡುಗಿಯರು ಇಲ್ಲಿ ಪಾಠ ಓದುತ್ತಾರೆ, ಕುದುರೆ ಏರುತ್ತಾರೆ, ಗುರಿಯಿಟ್ಟು ಗುಂಡು ಹೊಡೆಯುವುದನ್ನೂ ಕಲಿಯುತ್ತಾರೆ. ಹೆಣ್ಣುಮಗಳೊಬ್ಬಳು ಮನೆ, ಕೆಲಸ, ಊರು ಮೂರನ್ನೂ ನಿಭಾಯಿಸಿದ ನೆಲದಲ್ಲಿ ಕಲ್ಲಿನ ಪ್ರತಿಮೆಗಿಂತ ಇಂಥ ಶಾಲೆಯೇ ಹೆಚ್ಚು ಒಪ್ಪುತ್ತದೆ.

ಈ ಕಡೆ ಬರುವ ಓದುಗರಲ್ಲಿ ನನ್ನದೊಂದು ವಿನಂತಿ. ಅಕ್ಟೋಬರಿನ ಉತ್ಸವಕ್ಕೆ ತಪ್ಪದೆ ಬನ್ನಿ, ಆದರೆ ಜನಜಂಗುಳಿ ಇಲ್ಲದ ಒಂದು ದಿನವೂ ಬನ್ನಿ. ಬೆಳಿಗ್ಗೆ ಕಿತ್ತೂರಿಗೆ ಬಂದು ಅರಮನೆಯ ಒಳಕೋಣೆಗಳನ್ನು ಒಂದೊಂದಾಗಿ ನೋಡಿ, ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ ಉಂಡು, ಸಂಜೆಯೊಳಗೆ ಬೈಲಹೊಂಗಲ ಮುಟ್ಟಬಹುದು. ಹೆಣ್ಣುಮಕ್ಕಳನ್ನು ಕರೆತನ್ನಿ, ಗಂಡುಮಕ್ಕಳನ್ನೂ ಕರೆತನ್ನಿ. ಸಮಾಧಿಯ ಹತ್ತಿರ ನಿಂತು ಅವರಿಗೆ ಯುದ್ಧದ ಕತೆಯ ಜೊತೆಗೆ, ಸವತಿಯ ಮಗನನ್ನು ತನ್ನ ಮಗನೆಂದು ನಡೆಸಿಕೊಂಡ ತಾಯಿಯ ಕತೆಯನ್ನೂ, ಕೈಗೆ ಸಿಕ್ಕ ಶತ್ರುವಿನ ಜೀವ ಉಳಿಸಿದ ರಾಣಿಯ ಕತೆಯನ್ನೂ ಹೇಳಿ.